ತೊಟ್ಟಿಲಲ್ಲಿ ಕೂಗಿದ ಹೆಸರು

ನನ್ನ ಅಕ್ಷರ ಸೊಟ್ಟ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಒಂಬತ್ತನೆಯ ತರಗತಿಗೆ ಸಾಲೆ ಬಿಟ್ಟವಳು, ಶಬ್ದಗಳೂ ಬೇಗ ಸಿಗುವುದಿಲ್ಲ. ಇದು ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಶಾಂಭವಿಯ ಸಂಗತಿ. ಅವಳಿಂದ ಕೇಳಿಕೊಂಡು, ತಿದ್ದಿ ತಿದ್ದಿ ಬರೆದಿದ್ದೇನೆ.

ಧಾರವಾಡದ ನಮ್ಮ ಓಣಿಯಲ್ಲಿ ಶಾಂಭವಿಯ ದನಿ ಕೇಳದವರಿಲ್ಲ. ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತರೆ ಸಾಕು, ಮುಂದೆ ನಿಂತವರ ಬೀಗರ ಸುದ್ದಿಯನ್ನೂ ತಿಳಿದುಕೊಂಡೇ ಮನೆಗೆ ಬರುತ್ತಿದ್ದಳು. ಗಂಡ ಕುಮಾರಸ್ವಾಮಿ ಇದಕ್ಕೆ ತದ್ವಿರುದ್ಧ. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರಗಳ ಗದ್ದಲದ ನಡುವೆ ನಿಂತು, ಹುಬ್ಬು ಮತ್ತು ಕೈಯಲ್ಲೇ ಮಾತಾಡುವ ರೂಢಿ ಅವನಿಗೆ ಬಿದ್ದಿತ್ತು.

ಮಕ್ಕಳಾಗಲಿಲ್ಲ. ಕಡೆಗೆ ದತ್ತು ತೆಗೆದುಕೊಳ್ಳುವುದೆಂದು ನಿಶ್ಚಯಿಸಿದರು. ಡೌನ್ ಸಿಂಡ್ರೋಮ್ ಇರುವ ಒಂದೂವರೆ ವರ್ಷದ ಹುಡುಗಿಯ ಫೋಟೋ ನೋಡಿ, "ಈಕಿನ ನಮ್ಮಾಕಿ" ಎಂದವಳು ಶಾಂಭವಿಯೇ. ಈ ಮಗು ನಡೆಯುವುದು ತಡ, ಮಾತು ಇನ್ನೂ ತಡ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. "ಮಾತು ಕಲಸೂದು ನನಗ ಬಿಡ್ರಿ" ಎಂದು ಅವಳು ನಕ್ಕಿದ್ದಳು.

ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟುವಾಗ ಅವಳು ಹೇಳಿದ ಮೊದಲ ಮಾತು, "ನಾ ನಿಮ್ಮವ್ವ." ಆಮೇಲೆ ಬಾಯಿಗೆ ಬಿಡುವೇ ಇರಲಿಲ್ಲ. ರೊಟ್ಟಿ ಬಡಿಯುತ್ತ, ಬಟ್ಟೆ ಹಿಂಡುತ್ತ, ಬೆನ್ನ ಹಿಂದೆ ಆಡುತ್ತ ಕೂತ ಮಗುವಿಗೆ ಕಂಡದ್ದನ್ನೆಲ್ಲ ಹೇಳಿದಳು. ಮಗು ತಿರುಗಿ ನೋಡಲಿಲ್ಲ. ಆದರೆ ಸಂಜೆ ಕುಮಾರಸ್ವಾಮಿ ಎದುರಿಗೆ ಕೂತು ಹುಬ್ಬು ಹಾರಿಸಿದರೆ ಕೇಕೆ ಹಾಕಿ ನಗುತ್ತಿತ್ತು. ಶಾಂಭವಿಗೆ ಹೊಟ್ಟೆಯುರಿ. ನಾನು ಯಾರೆಂದು ಈ ಮಗುವಿಗೆ ಗೊತ್ತೇ ಇಲ್ಲವೇನೋ ಎಂಬ ಅಂಜಿಕೆ ತಿಂಗಳು ಕಳೆದಂತೆ ಅವಳಲ್ಲಿ ಬೆಳೆಯಿತು.

ಆ ಅಂಜಿಕೆಯನ್ನು ಬಾಯಿಬಿಟ್ಟು ಆಡಿದವಳು ದಾನವ್ವ. ಅವಳು ಕುಮಾರಸ್ವಾಮಿಯ ಅಕ್ಕ, ಉಪ್ಪಿನಬೆಟಗೇರಿ ಊರಿಗೆ ಮದುವೆ ಮಾಡಿ ಕೊಟ್ಟವಳು. "ಕರದ್ರ ಹೊಳ್ಳಿ ನೋಡವಲ್ತು. ಇಂಥಾ ಕೂಸಿಗೆ ತಿಳಿಯೂದ ಇಷ್ಟ. ನೀ ಎಷ್ಟ ಒದರಿದ್ರೂ ಅದಕ್ಕ ನೀ ಯಾರಂತ ಗೊತ್ತಾಗೂದಿಲ್ಲ ತಗೋ."

ಶಾಂಭವಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಹಾಗೆಂದ ದಾನವ್ವನೇ, ಮಗು ಬಂದ ಮೂರನೆಯ ತಿಂಗಳಲ್ಲಿ, ಹೆಸರಿಡುವ ಕಾರ್ಯ ಆಗಲೇಬೇಕೆಂದು ಹಟ ಹಿಡಿದಳು. ತೊಟ್ಟಿಲು ಬೇಡ, ಮಗು ದೊಡ್ಡದಾಗಿದೆ ಎಂದರೂ ಕೇಳಲಿಲ್ಲ. "ಬಸರಿಲ್ಲ, ಬಾಣಂತನ ಇಲ್ಲ. ತೊಟ್ಟಲಾದ್ರೂ ಕಟ್ರಿ. ಇಲ್ಲಾಂದ್ರ ಈಕಿ ನಮ್ಮನಿ ಮಗಳು ಹೆಂಗಾಗತಾಳ?"

ತೊಟ್ಟಿಲು ಕಟ್ಟಿ, ಸಂಪಿಗೆ ಹೂ ಇಳಿಬಿಟ್ಟರು. ಮಗುವನ್ನು ಮಲಗಿಸಿದರೆ ಕಾಲು ಹೊರಗೆ ಬಂದವು.

"ಇನ್ನೊಂದ ವರ್ಷ ತಡದಿದ್ರ ಸಾಲಿಗೆ ಹೋಗಿ ಬಂದು ತನ್ನ ಹೆಸರ ತಾನ ಇಟಗೋತಿತ್ತು ನೋಡ" ಎಂದು ಪಕ್ಕದ ಮನೆಯ ಸಂಗವ್ವ ನಗಿಸಿದಳು. ಮಗುವನ್ನು ಎಬ್ಬಿಸಿ ತೊಟ್ಟಿಲಲ್ಲೇ ಕೂರಿಸಿದರು.

ನಮ್ಮಲ್ಲಿ ತಂದೆಯ ಅಕ್ಕ ಅಥವಾ ತಂಗಿ ಮಗುವಿನ ಕಿವಿಯಲ್ಲಿ "ಕುರ್ರ್" ಎಂದು ಕೂಗಿ ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ದಾನವ್ವ ಹೊಲದಾಚೆಯ ಆಳನ್ನು ಕರೆಯುವ ಗಂಟಲಿನವಳು. ಬಗ್ಗಿ, "ಕುರ್ರ್! ನೀಲಾಂಬಿಕಾ!" ಎಂದಳು. ಗೋಡೆಗೆ ಒರಗಿದ್ದವರೂ ಬೆಚ್ಚಿದರು. ಮಗು ಸಂಪಿಗೆಯ ಎಸಳು ಕೀಳುತ್ತಲೇ ಇತ್ತು.

ಸಂಗವ್ವ ಮತ್ತು ಉಳಿದವರು ಸೆರಗು ಸಿಕ್ಕಿಸಿ ಧಬಧಬನೆ ಗುದ್ದತೊಡಗಿದರು. ದಾನವ್ವ "ಸತ್ತೆ, ಬಿಡ್ರೇ" ಎಂದು ಕುಗ್ಗಿದಳು. ಆಗ ಮಗು ತಲೆಯೆತ್ತಿತು. ಅತ್ತೆಗೆ ಹೊಡೆಯುವುದನ್ನು ಕಂಡಿತು. ತುಟಿ ನಡುಗಿತು. ಹಸಿದರೂ ಮುಖ ಸಣ್ಣದು ಮಾಡಿ ಸುಮ್ಮನಿರುತ್ತಿದ್ದ ಆ ಮಗು ಬೋರೆಂದು ಅತ್ತು, ದಾನವ್ವನ ಕಡೆಗೆ ಎರಡೂ ಕೈ ಚಾಚಿತು.

ಗುದ್ದುವ ಕೈಗಳು ಹಾಗೇ ನಿಂತವು.

"ನನಗ ಹೊಡದ್ರ ಈಕಿ ಯಾಕ ಅಳತಾಳ?" ದಾನವ್ವನ ದನಿ ಸಣ್ಣದಾಗಿತ್ತು. ಮಗುವನ್ನು ಎತ್ತಿಕೊಂಡಳು. ಕಣ್ಣೊರೆಸಿದಳು. ಆಮೇಲೆ ಏನೋ ಹೊಳೆದಂತೆ ಶಾಂಭವಿಯತ್ತ ನೋಡಿದಳು. "ನಾ ಹಂಗ ಚೀರಿದ್ರೂ ಈಕಿ ಕಣ್ಣ ಪಿಳಕಸಲಿಲ್ಲಲ್ಲ? ಶಾಂಭವಿ, ಹಿಂದ ನಿಂತು ಆ ಪರಾತ ಬಡೀ."

ಶಾಂಭವಿ ಮಗುವಿನ ಹಿಂದೆ ಹೋಗಿ ಪರಾತಕ್ಕೆ, ಆ ಹಿತ್ತಾಳೆಯ ದೊಡ್ಡ ತಟ್ಟೆಗೆ, ಸೌಟಿನಿಂದ ಹೊಡೆದಳು. ಎಲ್ಲರೂ ಕಿವಿ ಮುಚ್ಚಿಕೊಂಡರು. ಮಗು ದಾನವ್ವನ ಗುಂಡಿನ ಸರ ಹಿಡಿದು ಎಣಿಸುವಂತೆ ಆಡುತ್ತಿತ್ತು. ಇನ್ನೊಮ್ಮೆ ಹೊಡೆದಳು. ಅದೇ ಆಟ.

ಶಾಂಭವಿ ಸೌಟು ಕೆಳಗಿಟ್ಟು ಅಲ್ಲೇ ಕೂತಳು. ಹೊಸ್ತಿಲಲ್ಲಿ ಹೇಳಿದ ಮಾತು, ಒಲೆಯ ಮುಂದಿನ ಮಾತು, ಜೋಗುಳ, ಬೈಗುಳ, ಯಾವುದೂ ಹೋಗಿ ಮುಟ್ಟಿರಲಿಲ್ಲ. ತಿಳಿಯದೆ ಹೋದದ್ದು ಮಗುವಿಗಲ್ಲ, ದೊಡ್ಡವರಿಗೆ. ಇಷ್ಟು ದಿನ ಎಲ್ಲರೂ, ತಾನೂ ಸೇರಿ, ಡೌನ್ ಸಿಂಡ್ರೋಮ್ ಎಂಬ ಒಂದು ಹೆಸರು ಹಿಡಿದುಕೊಂಡು ಕಿವಿಯ ಕಡೆಗೆ ನೋಡಿಯೇ ಇರಲಿಲ್ಲ.

"ರೀ, ನೀವು ಎದುರಿಗೆ ಕೂತು ಹುಬ್ಬು ಹಾರಸತಿದ್ರಿ. ನಾ ಬೆನ್ನ ಹಿಂದ ಮಾತಾಡತಿದ್ದೆ" ಎಂದಳು ಗಂಡನಿಗೆ.

ಕುಮಾರಸ್ವಾಮಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಗೊತ್ತಾತಲ್ಲ ಈಗ. ಏಳು."

ದಾನವ್ವ ಮಗುವನ್ನು ತಂದು ಶಾಂಭವಿಯ ತೊಡೆಯ ಮೇಲೆ ಕೂರಿಸಿದಳು. "ನಂದೂ ತಪ್ಪಾತವ್ವಾ" ಎಂದಳು, ಯಾರಿಗೆ ಎಂದು ಹೇಳದೆ. ಮಗು ಶಾಂಭವಿಯ ಒದ್ದೆ ಕೆನ್ನೆಯನ್ನು ಮುಟ್ಟಿ, ತನ್ನ ಬೆರಳನ್ನು ನೋಡಿಕೊಂಡಿತು.

ಇದು ನಿನ್ನೆಯ ಮಾತು. ಸೋಮವಾರ ಮುಂಜಾನೆ ಶಾಂಭವಿ ನೀಲಾಂಬಿಕಾಳನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಅಲ್ಲಿಯವರೆಗೆ ಏನೇ ಹೇಳುವುದಿದ್ದರೂ ಎದುರಿಗೆ ಕೂತು, ಮುಖ ತೋರಿಸಿ ಹೇಳುತ್ತಾಳೆ.