ನಾಲ್ಕನೇ ಸಿಲಿಂಡರಿನ ಸದ್ದು

ಸಿದ್ದಲಿಂಗಯ್ಯ ಗುಬ್ಬಿ ಕಡೆಯಿಂದ ಬಂದು ಜರಗನಹಳ್ಳಿಯಲ್ಲಿ ಸ್ಪ್ಯಾನರ್ ಹಿಡಿದಾಗ ಹತ್ತೊಂಬತ್ತು ವರ್ಷ. ಅರವತ್ತೆರಡಾದರೂ ಬಿಟ್ಟಿರಲಿಲ್ಲ. ಲಾರಿ ಅವರ ರಿಪೇರಿ ಶೆಡ್ಡಿನ ಗೇಟು ದಾಟುವಷ್ಟರಲ್ಲಿ ಸದ್ದಿನಿಂದಲೇ ಅದರ ಕಾಯಿಲೆ ಹೇಳುತ್ತಾರೆ ಎಂದು ಕನಕಪುರ ರಸ್ತೆಯ ಡ್ರೈವರುಗಳು ನಂಬಿದ್ದರು. ಸಿದ್ದಲಿಂಗಯ್ಯನವರೂ ನಂಬಿದ್ದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಡ್ರೈವರ್ ತಿರುಮಲೇಶ ನೀರಿನ ಹಳೇ ಟ್ಯಾಂಕರ್ ತಂದು ನಿಲ್ಲಿಸಿದ. ಅವನನ್ನು ನೋಡಿ ಸಿದ್ದಲಿಂಗಯ್ಯನವರಿಗೆ ಇರಿಸುಮುರಿಸಾಯಿತು. ಐದು ತಿಂಗಳ ಹಿಂದೆ ಅವನು ಸಾರಕ್ಕಿಯ ರಘು ಎಂಬುವವರ ಲಾರಿ ಓಡಿಸುತ್ತಿದ್ದ. ಎಂಜಿನ್ನಲ್ಲಿ ಟಿಕ್ ಟಿಕ್ ಅಂತಿದೆ ಎಂದು ಇಲ್ಲಿಗೇ ತಂದಿದ್ದ. ಇವರು ಕೇಳಿ, ಏನೂ ಇಲ್ಲ ಎಂದು ಕಳಿಸಿದ್ದರು. ಎಂಟನೇ ದಿನ ಕಗ್ಗಲೀಪುರದ ಹತ್ತಿರ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಒಡೆದುಹೋಯಿತು. ರಘು ಬಂದು ಕೇಳಿದಾಗ, "ಡ್ರೈವರ್ ಆಯಿಲ್ ನೋಡ್ಕೊಂಡಿರಲ್ಲ," ಅಂದುಬಿಟ್ಟರು. ಆ ಒಂದು ಮಾತಿಗೆ ತಿರುಮಲೇಶನ ಕೆಲಸ ಹೋಯಿತು.

ಈಗ ಅವನು ಕೆಳಗಿಳಿದು, "ಟಿಕ್ ಟಿಕ್ ಅಂತಿದೆ. ಓನರ್ ರೇಣುಕವ್ವ ನಿಮ್ಹತ್ರಾನೇ ತೋರ್ಸು ಅಂದ್ರು," ಅಂದ. ತನ್ನಿಷ್ಟಕ್ಕೆ ಬಂದವನಲ್ಲ ಎಂಬುದು ಮುಖದಲ್ಲೇ ಇತ್ತು.

ಸಿದ್ದಲಿಂಗಯ್ಯ ಓಡುತ್ತಿದ್ದ ಎಂಜಿನ್ ಮೇಲೆ ಬಗ್ಗಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿಯನ್ನು ಕಿವಿಗಿಟ್ಟರು. ಗುಡುಗುಡು ಅನ್ನುವ ದಪ್ಪ ಸದ್ದು ಬಿಟ್ಟರೆ ಬೇರೇನಿಲ್ಲ. ಏನೂ ಇಲ್ಲ ಹೋಗು ಅನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಊಟದ ಡಬ್ಬಿ ತಂದ ಹೆಂಡತಿ ಕಮಲಾದೇವಿ ಗೇಟಿನಿಂದಲೇ, "ಅದೇನ್ರೀ, ಹೊಲಿಗೆ ಮೆಷಿನ್ ಥರ ಟಿಕ್ ಟಿಕ್ ಅಂತಿದೆ?" ಅಂದರು.

ಸಿದ್ದಲಿಂಗಯ್ಯನವರ ಕೈ ಹಾಗೇ ನಿಂತಿತು. ಕಗ್ಗಲೀಪುರದ ರಸ್ತೆ ಬದಿಯಲ್ಲಿ ಆಯಿಲ್ ಸುರಿಸಿಕೊಂಡು ನಿಂತಿದ್ದ ಲಾರಿ ಕಣ್ಣಮುಂದೆ ಬಂತು.

"ತಿರುಮಲೇಶ, ನನಗೆ ಕೇಳ್ತಿಲ್ಲಪ್ಪ," ಅಂದರು. "ನೀನು ಕೇಳಿ ಹೇಳು. ನಾನು ಮಾಡ್ತೀನಿ."

ಮೊದಲು ಎಂಜಿನ್ ನಿಲ್ಲಿಸಿ, ವಾಲ್ವು ಒತ್ತುವ ಟ್ಯಾಪೆಟ್ಟಿನ ಸಂದು ಅಗಲವಾದರೂ ಇಂಥ ಸದ್ದು ಬರುತ್ತದೆಂದು ಅದನ್ನು ಅಳೆದರು. ಎಲ್ಲ ಸರಿಯಿತ್ತು. ಮತ್ತೆ ಸ್ಟಾರ್ಟ್ ಮಾಡಿಸಿ, ಒಂದೊಂದೇ ಸಿಲಿಂಡರಿಗೆ ಹೋಗುವ ಡೀಸೆಲ್ ಪೈಪಿನ ನಟ್ಟು ಸಡಿಲಿಸುತ್ತ ಬಂದರು. ಯಾವುದಕ್ಕೆ ಡೀಸೆಲ್ ತಪ್ಪಿದಾಗ ಸದ್ದು ಇಳಿಯುತ್ತದೋ ಕೇಡು ಅಲ್ಲೇ. ಮೂರರವರೆಗೆ ತಿರುಮಲೇಶ ತಲೆ ಅಡ್ಡಡ್ಡ ಆಡಿಸಿದ. ನಾಲ್ಕನೆಯದಕ್ಕೆ, "ನಿಂತೋಯ್ತು," ಅಂದ. ನಟ್ಟು ಬಿಗಿ ಮಾಡಿದರು. "ಮತ್ತೆ ಬಂತು."

ಮಧ್ಯಾಹ್ನದ ಹೊತ್ತಿಗೆ ಎಂಜಿನ್ ತಳ ಬಿಚ್ಚಿದರು. ನಾಲ್ಕನೇ ಸಿಲಿಂಡರಿನ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು ಒಳಗಿನ ತಾಮ್ರ ಕಾಣುತ್ತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಸಿದ್ದಲಿಂಗಯ್ಯ ತಿರುಮಲೇಶನಿಗೆ ತೋರಿಸಿದರು.

"ಅವತ್ತೂ ಇದೇ ಸದ್ದು ಅಲ್ವಾ?"

"ಅವತ್ತೇ ಹೇಳಿದ್ನಲ್ಲ."

"ನೀನು ಹೇಳಿದ್ದೆ. ತಪ್ಪು ನಂದು."

ತಿರುಮಲೇಶ ಬಟ್ಟೆಚೂರಿನಲ್ಲಿ ಕೈ ಒರೆಸಿಕೊಂಡು ಆಚೆ ಹೋದ.

ಸಂಜೆ ಸಿದ್ದಲಿಂಗಯ್ಯ ಸಾರಕ್ಕಿಗೆ ಹೋಗಿ ರಘುವಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ರಘು ಕೇಳಿ ತಲೆ ತಗ್ಗಿಸಿದರು. "ಮೂರು ತಿಂಗಳು ಕೆಲಸ ಇಲ್ದೆ ಅಲೆದ ಅವನು. ಯಾರೂ ತಗೋಬೇಡಿ ಅಂತ ಸ್ಟ್ಯಾಂಡಲ್ಲೆಲ್ಲ ನಾನೇ ಹೇಳಿದ್ದೆ. ಈಗ ಏನು ಮಾಡೋದು, ಯಜಮಾನ್ರೆ?"

"ಅವರಿಗೆಲ್ಲ ನಾನೇ ಹೇಳ್ತೀನಿ."

ಹೇಳಿದರು ಕೂಡ. ನಾಲ್ಕು ದಿನ ಶೆಡ್ ಮುಚ್ಚಿ, ಲಾರಿ ಸ್ಟ್ಯಾಂಡಿನಲ್ಲಿ ಒಬ್ಬೊಬ್ಬ ಓನರನ್ನೂ ನಿಲ್ಲಿಸಿ, ಆ ಹುಡುಗನದು ತಪ್ಪಿಲ್ಲ, ನನ್ನ ಕಿವಿ ಹೋಗಿದೆ ಎಂದರು. ಕೆಲವರು ಅಂದಿನಿಂದ ಲಾರಿ ತರುವುದನ್ನೇ ಬಿಟ್ಟರು. ರಘು ತಿರುಮಲೇಶನನ್ನು ವಾಪಸ್ ಕರೆದರು. ಕಷ್ಟಕಾಲದಲ್ಲಿ ರೇಣುಕವ್ವ ಕೆಲಸ ಕೊಟ್ಟಿದ್ದಾರೆ, ಅವರನ್ನು ಬಿಡಲ್ಲ ಎಂದನಂತೆ ಅವನು.

ಹೋದ ಸಣ್ಣ ಸದ್ದುಗಳು ತಿರುಗಿ ಬರುವುದಿಲ್ಲ ಎಂದರು ಕಿವಿ ಡಾಕ್ಟರು. ಅವರು ಕೊಟ್ಟ ಕಿವಿಯ ಮೆಷಿನ್ ಶೆಡ್ಡಿನ ಗಲಾಟೆಯಲ್ಲಿ ಕಿರ್ ಅನ್ನುತ್ತದೆ, ಸಿದ್ದಲಿಂಗಯ್ಯ ಅದನ್ನು ಮನೆಯಲ್ಲಿ ಮಾತ್ರ ಹಾಕುತ್ತಾರೆ. ಶೆಡ್ಡಿಗೆ ಬಂದ ಡ್ರೈವರುಗಳಿಗೆ, "ನಿನಗೆ ಏನು ಕೇಳಿಸ್ತು, ಮೊದಲು ಅದು ಹೇಳು," ಅನ್ನುತ್ತಾರೆ. ತಿರುಮಲೇಶ ಈಗಲೂ ಟ್ಯಾಂಕರ್ ತರುತ್ತಾನೆ. ಕೇಳಿಸಿದ್ದಷ್ಟನ್ನು ಹೇಳಿ, ಕೆಲಸ ಮುಗಿಯುವವರೆಗೂ ರಸ್ತೆಯಲ್ಲೇ ನಿಂತಿರುತ್ತಾನೆ. ಒಳಗೆ ಬಾ ಎಂದು ಸಿದ್ದಲಿಂಗಯ್ಯ ಬಲವಂತ ಮಾಡುವುದಿಲ್ಲ.