ಮಿಲಿಮೀಟರ್ ಮಾಮ

ಅವರ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ನಮಗೆಲ್ಲ ಅವರು ಮಿಲಿಮೀಟರ್ ಮಾಮ. ಕೈನಡುಕದ ಕಾಯಿಲೆಯವರಿಗೆ ಮೆದುಳಿನೊಳಗೆ ಸಣ್ಣ ತಂತಿ ಇಳಿಸುವ ಮೊದಲು, ತಲೆಗೆ ಲೋಹದ ಚೌಕಟ್ಟನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದು ಸ್ಕ್ಯಾನ್ ತೆಗೆಯುತ್ತಾರೆ. ಗುರಿ ಎಲ್ಲಿದೆಯೆಂದು ಕಂಪ್ಯೂಟರು ಮೂರು ಅಂಕಿ ಕೊಡುತ್ತದೆ: ಎಡಬಲಕ್ಕೊಂದು, ಹಿಂದುಮುಂದಕ್ಕೊಂದು, ಮೇಲುಕೆಳಕ್ಕೊಂದು. ಅವನ್ನು ಚೌಕಟ್ಟಿನ ಅಳತೆಪಟ್ಟಿಗಳ ಮೇಲೆ ಕೂರಿಸಿ ತಿರುಪು ಬಿಗಿಯುವುದು ಮಾಮನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ.

ಸಿಡುಕು ಅಂದರೆ ಅಂತಿಂಥ ಸಿಡುಕಲ್ಲ, ಕೋಪ ಸದಾ ಮೂಗಿನ ತುದಿಯಲ್ಲಿ. ಗೋಡೆಯ ಫೋಟೋ ಒಂಚೂರು ಸೊಟ್ಟಗಿದ್ದರೂ ಅನ್ನದ ತಟ್ಟೆ ಬಿಟ್ಟು ಎದ್ದು ಸರಿಮಾಡುವ ಮನುಷ್ಯ. "ನಾನು ಮದುವೆಯಾಗಿದ್ದು ಗಂಡನ್ನೋ ಸ್ಕೇಲನ್ನೋ!" ಎಂದು ಅವರ ಹೆಂಡತಿ ನನ್ನೆದುರೇ ಅಂದಿದ್ದಾರೆ.

ನಾನು ಆಪರೇಷನ್ ಥಿಯೇಟರಿನ ನರ್ಸು. ಮಾಮ ಅಂಕಿ ಓದಿದ ಮೇಲೆ ಪಟ್ಟಿಯನ್ನು ನಾನೂ ನೋಡಿ ಓದಬೇಕು, ಅದು ನಿಯಮ. "ನಾನು ಹೇಳಿದ್ದನ್ನ ಒಪ್ಪಿಸ್ಬೇಡ ಕಣಮ್ಮ, ನಿನಗೆ ಕಂಡದ್ದನ್ನ ಹೇಳು" ಎಂದು ಮೊದಲ ದಿನವೇ ಗದರಿದ್ದರು. ಕೆಲವು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಮಾಮ ಒಮ್ಮೆಯೂ ತಪ್ಪಲಿಲ್ಲ. ಆಮೇಲಾಮೇಲೆ "ಸರಿ" ಅನ್ನುವುದು ನನ್ನ ಬಾಯಿಗೆ ತಾನಾಗಿ ಬರತೊಡಗಿತು.

ಅವತ್ತು ಮೇಜಿನ ಮೇಲಿದ್ದವರು ಬಟ್ಟೆ ಹೊಲಿಯುವ ಹೆಂಗಸು. ಈ ಆಪರೇಷನ್ನಿನಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಮಾಮ "ನೂರ ಎರಡೂವರೆ" ಅಂದರು. "ಸರಿ" ಅಂದೆ.

"ಸಿಸ್ಟರ್, ಇಷ್ಟು ಬೇಗ ನೋಡಿದ್ರಾ?" ಎಂದರು ಆಕೆ. "ರವಿಕೆ ತೋಳನ್ನೇ ನಾನು ಎರಡು ಸಲ ಅಳೀತೀನಿ. ಇದು ನನ್ನ ತಲೆ."

ಎಲ್ಲರೂ ನಕ್ಕರು. ನಾಚಿಕೆಯಾಗಿ ಬಗ್ಗಿ ನೋಡಿದೆ. ಪಟ್ಟಿಯ ಮೇಲಿದ್ದದ್ದು ನೂರ ನಾಲ್ಕೂವರೆ.

"ಮಾಮ, ಎರಡು ಮಿಲಿಮೀಟರ್ ಹೆಚ್ಚಿದೆ."

ಮಾಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ತಿರುಪುಳಿಯನ್ನು ನನ್ನ ಕೈಗೇ ಕೊಟ್ಟರು. ನಾನು ಸರಿಪಡಿಸಿದೆ, ಡಾಕ್ಟರು ಸ್ವತಃ ಓದಿ ಖಚಿತ ಮಾಡಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಆಕೆಯ ಕೈನಡುಕ ನಿಂತಿತ್ತು. ಲೋಟದ ನೀರನ್ನು ಒಂದು ಹನಿಯೂ ಚೆಲ್ಲದೆ ಕುಡಿದರು.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ಮಾಮನನ್ನು ಹಿಡಿದೆ. "ಕಣ್ಣು ಮಂಜಾಗಿದ್ಯಾ?"

"ಆರು ತಿಂಗಳಾಯ್ತು."

"ಅಯ್ಯೋ, ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಈ ಕೆಲ್ಸ ಹೋಗುತ್ತೆ, ಮನೇಲಿ ಕೂತು ನಾನೇನು ಮಾಡ್ಲಿ? ನೀನಿದ್ದೀಯಲ್ಲ, ನೋಡ್ತೀಯಲ್ಲ ಅಂತ ಧೈರ್ಯ."

ಆ ಆರು ತಿಂಗಳು ನಾನು ನೋಡಿಯೇ ಇರಲಿಲ್ಲ. ಅವರು ನನ್ನನ್ನು ನಂಬಿದ್ದರು, ನಾನು ಅವರನ್ನು. ನಡುವೆ ಪಟ್ಟಿಯನ್ನು ಓದಿದವರೇ ಇಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಆದರೂ ನಾನು ನೋಡಿರಲಿಲ್ಲವೆಂದು ಬಾಯಿ ಬಿಟ್ಟೆ. ಮಾಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ನಡಿ, ಡಾಕ್ಟರ ಹತ್ರ ಹೋಗೋಣ" ಅಂದರು.

ಆರು ತಿಂಗಳಲ್ಲಿ ಹನ್ನೊಂದು ಜನ. ಡಾಕ್ಟರು ನಮ್ಮಿಬ್ಬರನ್ನೂ ಚೆನ್ನಾಗಿ ಉಗಿದು, ಎಲ್ಲರ ಸ್ಕ್ಯಾನನ್ನೂ ತೆಗೆಸಿ ಅಳೆದರು. ಹತ್ತು ಸರಿಯಿದ್ದವು. ಹನ್ನೊಂದನೆಯದು ಒಬ್ಬ ಶಾಲಾ ಮೇಷ್ಟ್ರದು, ತಂತಿ ಎರಡು ಮಿಲಿಮೀಟರ್ ಪಕ್ಕಕ್ಕೆ ಕೂತಿತ್ತು. ಕೈನಡುಕ ನಿಂತಿತ್ತು, ಮಾತು ತೊದಲುತ್ತಿತ್ತು. ಮತ್ತೆ ತೋರಿಸಲು ಬಂದಾಗ ಕಾಯಿಲೆ ಹೆಚ್ಚಾಗಿದೆಯೆಂದು ನಾವೇ ಹೇಳಿ ಕಳಿಸಿದ್ದೆವು.

"ನಾನು ಹೇಳ್ತೀನಿ ಬಿಡಿ, ನನ್ನ ಜವಾಬ್ದಾರಿ" ಎಂದರು ಡಾಕ್ಟರು.

"ನೀವೂ ಬನ್ನಿ. ಆದ್ರೆ ಅಳೆದವನು ನಾನು, ನಾನೇ ಹೇಳ್ಬೇಕು" ಎಂದರು ಮಾಮ.

ಮೂವರೂ ಮೇಷ್ಟ್ರ ಮನೆಗೆ ಹೋದೆವು. ಮುಂದಿನ ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ ಕೂತಿದ್ದರು. ಮಾಮ ನಿಂತುಕೊಂಡೇ ಎಲ್ಲವನ್ನೂ ಹೇಳಿದರು: ಮಂಜುಗಣ್ಣು, ತಪ್ಪಿದ ಅಂಕಿ, ಮುಚ್ಚಿಟ್ಟದ್ದು. ನಾನು ನೋಡದೆ "ಸರಿ" ಅಂದದ್ದನ್ನು ನಾನೇ ಹೇಳಿದೆ. ತಂತಿಯನ್ನು ತೆಗೆದು ಸರಿಯಾದ ಜಾಗದಲ್ಲಿ ಕೂರಿಸಬಹುದು, ಮಾತು ಬಹುಮಟ್ಟಿಗೆ ಮರಳಬಹುದು ಎಂದರು ಡಾಕ್ಟರು.

ಮೇಷ್ಟ್ರು ಕಪಾಳಕ್ಕೆ ಹೊಡೆದರೂ ಹೊಡೆಸಿಕೊಳ್ಳಲು ನಾನು ತಯಾರಿದ್ದೆ. ಅವರು ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದರು.

"ನಾನು ಪ್ರಯತ್ನ ಪಡ್ತಿಲ್ಲ... ಬೇಕಂತಲೇ ಹೀಗೆ ಮಾತಾಡ್ತೀನಿ ಅಂತ... ನನ್ನ ಹೆಂಡ್ತಿ ಆಪರೇಷನ್ ಆದಾಗಿನಿಂದ ಬೈತಿದ್ದಾಳೆ. ಒಳಗಿದ್ದಾಳೆ. ಈಗ ಹೇಳಿದ್ರಲ್ಲ... ಅದನ್ನ ಅವಳೆದುರಿಗೆ ಇನ್ನೊಂದ್ಸಲ ಹೇಳಿ."