ಚರ್ಮದ ಡಾಕ್ಟರರ ಮೆಟ್ಟಿಲು

ನಮ್ಮ ದೊಡ್ಡವ್ವ ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವುತ್ತಿದ್ದಳು. ಅದೇನು ದೊಡ್ಡ ಮಾತಲ್ಲ, ಯಲಬುರ್ಗಾ ಕಡೆಯ ಹೆಂಗಸರು ಬಹಳ ಮಂದಿ ಹಾಗೇ ತಿರುವುತ್ತಾರೆ. ಆದರೆ ಇವಳು ಕೆಂಡಕ್ಕೆ ಒಡ್ಡಿದ ರೊಟ್ಟಿಯನ್ನೂ ಬೆರಳಲ್ಲೇ ಎತ್ತಿ, ಅಂಚು ಒತ್ತಿ ನೋಡಿ, ಮಾತಾಡುತ್ತಲೇ ಬುಟ್ಟಿಗೆ ಹಾಕುತ್ತಿದ್ದಳು. ಒಮ್ಮೆಯೂ ಉಫ್ ಅಂದವಳಲ್ಲ. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಈ ಹಿರಿಸೊಸೆಯ ಕೈ ಎಂದರೆ ಭಾರಿ ಜಂಬ. ಮನೆಗೆ ಬಂದ ಹೆಂಗಸರನ್ನು ಒಲೆಯ ಮುಂದೆ ಕರೆತಂದು ತೋರಿಸುತ್ತಿದ್ದಳು.

"ನೋಡ್ರವಾ, ಈಕಿ ಕೈ ಬಂತಂದ್ರ ಕೆಂಡಾನೂ ಸರದು ದಾರಿ ಬಿಡತೈತಿ. ನಿಮ್ಮ ಸೊಸಿಗೋಳು ಇಕ್ಕಳ ಹುಡುಕ್ಕೋತ ಕೂಡ್ತಾರ!"

ನಾನು ಚಿಕ್ಕವಳಿದ್ದಾಗಲೇ ತಾಯಿ ತೀರಿಹೋಗಿದ್ದಳು. ನನಗೆ ತಲೆ ಬಾಚಿದ್ದು, ಉಣಿಸಿದ್ದು, ಬೆನ್ನಿಗೆ ಎರಡು ಬಿಟ್ಟದ್ದು ಎಲ್ಲ ಅದೇ ಕೈ. ಹಾಗಾಗಿ ಮುಂಗೈಯ ಮೇಲಿನ ಮಚ್ಚೆ ಮೊದಲು ಕಂಡದ್ದು ನನಗೇ. ಸುತ್ತಲಿನ ಬಣ್ಣಕ್ಕಿಂತ ಒಂದಿಷ್ಟು ಬಿಳುಪು, ಅಂಗೈಯಗಲ. ಬೇಸಿಗೆಯಲ್ಲಿ ಕೈಯೆಲ್ಲ ಬೆವರಿದರೂ ಅಷ್ಟು ಜಾಗ ಒಣಗಿರುತ್ತಿತ್ತು. ಕಿರುಬೆರಳೂ ನೆಟ್ಟಗೆ ಬರುತ್ತಿರಲಿಲ್ಲ.

"ತುರಿಸತೈತೇನು ದೊಡ್ಡವ್ವ?"

"ತುರಿಸೂದಿಲ್ಲ, ಉರಿಯೂದಿಲ್ಲ. ಪಾಪ, ತನ್ನ ಪಾಡಿಗೆ ತಾನೈತಿ."

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿಗಳ ಬೆನ್ನಿಗೆ ಡಾಕ್ಟರರ ಬೋರ್ಡುಗಳೂ ಬಂದವು. ಅಲ್ಲಿಯವರೆಗೆ ನಮಗೆ ಡಾಕ್ಟರ್ ಅಂದರೆ ಒಬ್ಬನೇ. ಜ್ವರ, ಚೇಳು ಕಡಿತ, ಹೊಟ್ಟೆನೋವು ಏನಿದ್ದರೂ ಅವನದೇ ಸೂಜಿ. ಈಗ ಕಣ್ಣಿಗೊಬ್ಬರು, ಕಿವಿಗೊಬ್ಬರು, ಎಲುಬಿಗೊಬ್ಬರು. "ಅಣ್ಣತಮ್ಮರು ಹೊಲ ಪಾಲು ಮಾಡಿಕೊಂಡಂಗ ಮನಶ್ಯಾನ್ನ ಮಾಡಿಕೊಂಡಾರ" ಎಂದು ಆಯಿ ನಗುತ್ತಿದ್ದಳು. ಚರ್ಮದ ಡಾಕ್ಟರರು ವಾರಕ್ಕೊಮ್ಮೆ ಹೊಸಪೇಟೆಯಿಂದ ಬಂದು, ಔಷಧದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂಡುತ್ತಿದ್ದರು. ನಾನು ಕೊಪ್ಪಳದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದವಳು, ಬೋರ್ಡು ಕಂಡು ಬಂದು ದೊಡ್ಡಪ್ಪನಿಗೆ ಹೇಳಿದೆ. ದೊಡ್ಡವ್ವನನ್ನು ಕರೆದುಕೊಂಡು ಮೂವರೂ ಹೋದೆವು.

ದೊಡ್ಡವ್ವನಿಗೆ ಓದು ಬರುವುದಿಲ್ಲ. ಸೀರೆ ಎತ್ತಿ ಹಿಡಿದು ಆಗಲೇ ಮೆಟ್ಟಿಲು ಹತ್ತತೊಡಗಿದ್ದಳು. ದೊಡ್ಡಪ್ಪ ಕೆಳಗೆ ನಿಂತು ಬೋರ್ಡು ಓದಿದ: ಚರ್ಮ, ಕುಷ್ಠ ಹಾಗೂ ಗುಪ್ತರೋಗ ತಜ್ಞರು. ಅವನ ಮುಖ ಸಣ್ಣದಾಯಿತು. ಅದೇ ಹೊತ್ತಿಗೆ ಎದುರಿನ ಚಹಾದ ಅಂಗಡಿಯಿಂದ ನಮ್ಮೂರಿನವನೊಬ್ಬ ಕೂಗಿದ.

"ಏನ್ ಕಾಕಾ, ಜೋಡಿಲೆ ಮ್ಯಾಲ ಹೊಂಟೀರಿ? ಈ ವಯಸ್ಸಿನ್ಯಾಗ ಏನ್ ಗುಪ್ತ ಇಟ್ಟೀರೋ ಮಾರಾಯಾ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

"ಏ ಹುಚ್ಚಪ್ಯಾಲಿ, ನಾವು ಎಲುಬಿನ ಡಾಕ್ಟರ್ ಕಡೆ ಬಂದೀವಿ. ಈಕಿ ಬೆರಳು ಹಿಡಕೊಂಡೈತಿ" ಎಂದ ದೊಡ್ಡಪ್ಪ, ಹೆಂಡತಿಯ ಕಡೆ ತಿರುಗಿ ಗದರಿದ: "ಇಳಿ ಕೆಳಗ! ಎಲ್ಲಿ ಕಂಡರ ಅಲ್ಲಿ ಹತ್ತೂದೇನು?"

"ಎಲುಬಿನವ್ರು ಆ ಓಣ್ಯಾಗ ಅದಾರ. ಬರ್ರಿ, ಮುಟ್ಟಸ್ತೀನಿ" ಎಂದು ಆ ಪುಣ್ಯಾತ್ಮ ಚಹಾ ಬಿಟ್ಟು ಎದ್ದೇಬಿಟ್ಟ. ಬಾಗಿಲತನಕ ಬಂದು ನಮ್ಮನ್ನು ಒಳಗೆ ಕೂಡಿಸಿಯೇ ಹೋದ. ಆಡಿದ ಸುಳ್ಳಿನ ಮಾನ ಉಳಿಸಲು ನಾವು ಎಲುಬಿನ ಡಾಕ್ಟರರಿಗೆ ಕೈ ತೋರಿಸಿದೆವು.

ಅವರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, "ಎಲುಬು ಛಲೋ ಅದಾವು" ಎಂದರು. ದೊಡ್ಡವ್ವ ತಾನಾಗಿಯೇ ಸೆರಗು ಸರಿಸಿ ಮಚ್ಚೆ ತೋರಿಸಹೋದಳು. ದೊಡ್ಡಪ್ಪ ಸೆರಗು ಎಳೆದು ಮುಚ್ಚಿ, "ಅದು ಹುಟ್ಟಿದಾಗಿಂದ ಐತ್ರಿ" ಎಂದ. ಶಕ್ತಿಯ ಗುಳಿಗೆ ಬರೆದುಕೊಟ್ಟರು. ಊರಲ್ಲಿ ಎಲುಬಿನ ಬ್ಯಾನಿ ಎಂದೇ ಸುದ್ದಿಯಾಯಿತು. ಸುದ್ದಿಯಾದ ಮೇಲೆ ಉಪಚಾರವೂ ಅದಕ್ಕೇ: ಗಂಗಾವತಿಯಿಂದ ಎಣ್ಣೆ ಬಂತು, ಕುಷ್ಟಗಿಯಲ್ಲಿ ಕಟ್ಟು ಕಟ್ಟಿಸಿದರು. ನಾನು ಚರ್ಮದ ಡಾಕ್ಟರರ ಮಾತೆತ್ತಿದಾಗಲೆಲ್ಲ ದೊಡ್ಡಪ್ಪ, "ಮದಿವಿ ಆಗೂ ಹುಡುಗಿ, ಆ ಬೋರ್ಡಿನ ಹೆಸರು ಬಾಯಾಗ ತರಬ್ಯಾಡ" ಎನ್ನುತ್ತಿದ್ದ. ಕಿರುಬೆರಳು ಒಳಗೆ ಮಡಚಿಕೊಂಡಿತು. ಮರುವರ್ಷ ಅದರ ಪಕ್ಕದ್ದೂ ಮಡಚಿತು.

ಒಂದು ಮುಂಜಾನೆ ಅಡಿಗೆಮನೆಯಲ್ಲಿ ಸುಟ್ಟ ವಾಸನೆ ಎದ್ದಿತು. ದೊಡ್ಡವ್ವ ಹಂಚಿನ ಕಡೆ ಬಗ್ಗಿ ನೋಡಿ, "ರೊಟ್ಟಿ ಹೊತ್ತೈತೇನ?" ಎಂದು ಕೇಳಿದಳು. ಹೊತ್ತಿದ್ದು ರೊಟ್ಟಿಯಲ್ಲ. ಅವಳ ಮಡಚಿದ ಬೆರಳು ಹಂಚಿನ ಅಂಚಿಗೆ ಅಂಟಿಕೊಂಡಿತ್ತು. ಚಿಗವ್ವ, ನಮ್ಮ ಕಾಕಾನ ಹೆಂಡತಿ, ಚೀರಿಕೊಂಡು ಕೈ ಎಳೆದಳು. ದೊಡ್ಡವ್ವ ನಮ್ಮ ಮುಖಗಳನ್ನು ನೋಡಿ ಅಂಜಿದಳೇ ಹೊರತು ನೋವಿಗಲ್ಲ.

ಚರ್ಮದ ಡಾಕ್ಟರರ ಸರದಿ ದಿನ ಬಂದ ಕೂಡಲೆ ಯಾರನ್ನೂ ಕೇಳದೆ ಅವಳನ್ನು ಹೊರಡಿಸಿದೆ. ದೊಡ್ಡಪ್ಪ ಬ್ಯಾಡ ಅನ್ನಲಿಲ್ಲ, ಹಿಂದೆಯೇ ಬಂದ. ಡಾಕ್ಟರರು ಅವಳಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಮುಂಗೈ ಸವರಿದರು.

"ಎಲ್ಲಿ ಮುಟ್ಟೀನಿ, ಬೆರಳ ಇಟ್ಟು ತೋರಸ್ರಿ ಯವ್ವಾ."

ದೊಡ್ಡವ್ವ ಕಣ್ಣು ಮುಚ್ಚಿ ಕಾದಳು. ಅವರು ಮತ್ತೆ ಸವರಿದರು. ಅವಳು ಕಾಯುತ್ತಲೇ ಇದ್ದಳು.

"ನೀವಿನ್ನೂ ಮುಟ್ಟೇ ಇಲ್ಲಲ್ರಿ" ಎಂದಳು.

ಡಾಕ್ಟರರು ಒಳ್ಳೆಯವರು. ರೋಗದ ಹೆಸರನ್ನು ಮೆಲ್ಲಗೆ ಹೇಳಿ, ಕೂಡಲೇ ಧೈರ್ಯವನ್ನೂ ಹೇಳಿದರು. "ಕುಷ್ಠ ಐತಿ. ಪೂರ್ತಿ ವಾಸಿ ಆಗತೈತಿ. ಗುಳಿಗಿ ಸರಕಾರಿ ದವಾಖಾನಿಯಾಗ ಪುಕ್ಕಟೆ ಕೊಡ್ತಾರ, ತಪ್ಪಸಬ್ಯಾಡ್ರಿ. ಗುಳಿಗಿ ಚಾಲೂ ಆತಂದ್ರ ಯಾರಿಗೂ ಹತ್ತೂದಿಲ್ಲ, ಎಲ್ಲಾರೂ ಕೂಡೇ ಇರ್ರಿ, ಕೂಡೇ ಉಣ್ರಿ. ಬೆರಳು ಮಾತ್ರ ಹೋದದ್ದು ಹೋತು. ಮಚ್ಚಿ ಕಂಡಾಗ ಬಂದಿದ್ರ ಉಳೀತಿದ್ವು. ಎಲ್ಲೂ ತೋರಸಲಿಲ್ಲೇನು?"

"ತೋರಸೀವ್ರಿ. ಎಲುಬಿನವ್ರಿಗೆ" ಎಂದ ದೊಡ್ಡಪ್ಪ.

ಡಾಕ್ಟರರು ಬರೆಯುವುದನ್ನು ನಿಲ್ಲಿಸಿ ಅವನನ್ನೊಮ್ಮೆ ನೋಡಿದರು.

ಗುಳಿಗೆಗೆ ಅವಳ ಮೈ ಕಪ್ಪಾಯಿತು. ಮನೆಯಲ್ಲಿ ಅವಳ ತಾಟು ಬೇರೆ, ಚಂಬು ಬೇರೆ, ಹಾಸಿಗೆ ದನದ ಕೊಟ್ಟಿಗೆಯ ಕಡೆಗೆ. ಒಲೆ ಚಿಗವ್ವನ ಪಾಲಾಯಿತು. ಕೈ ಹೊಗಳಿ ದಣಿಯದ ಆಯಿ ಈಗ ದೂರದಿಂದಲೇ ರೊಟ್ಟಿ ಎಸೆದಂತೆ ಹಾಕುತ್ತಿದ್ದಳು. "ಇರ್ಲಿ ಬಿಡ, ಗುಳಿಗಿ ಮುಗೀಲಿ" ಎಂದು ದೊಡ್ಡವ್ವ ನನಗೇ ಸಮಾಧಾನ ಹೇಳುತ್ತಿದ್ದಳು. ಒಲೆಯ ಮುಂದೆ ಮತ್ತೆ ಕೂಡುವುದೊಂದೇ ಅವಳ ಧ್ಯಾನ.

ಗುಳಿಗೆ ಮುಗಿದವು. ವಾಸಿಯಾಗಿದೆ ಎಂದು ಡಾಕ್ಟರರು ದೊಡ್ಡಪ್ಪನ ಎದುರಿಗೇ ಹೇಳಿದರು. ಮರುದಿನ ದೊಡ್ಡವ್ವ ತಲೆಗೆ ಎರಕೊಂಡು, ಚಿಗವ್ವ ಏಳುವುದರೊಳಗೆ ಒಲೆ ಹಚ್ಚಿದಳು. ಡಾಕ್ಟರರು ಹೇಳಿದ್ದಂತೆ ಇಕ್ಕಳ ಹಿಡಿದೇ ರೊಟ್ಟಿ ಸುಟ್ಟಳು. ಮಡಚಿದ ಬೆರಳಿನಿಂದಾಗಿ ರೊಟ್ಟಿಯ ಅಂಚು ಮೊದಲಿನಂತೆ ದುಂಡಗಾಗಿರಲಿಲ್ಲ. ಬುಟ್ಟಿ ತುಂಬಿತು. ಎಲ್ಲರೂ ಸಾಲಾಗಿ ಕೂತರು, ಬುಟ್ಟಿಗೆ ಯಾರೂ ಕೈ ಹಾಕಲಿಲ್ಲ. ನಾನೊಂದು ತೆಗೆದುಕೊಂಡೆ. ಇವತ್ತೋ ನಾಳೆಯೋ ಬೇರೆ ಮನೆಗೆ ಹೋಗುವವಳು, ನಾನು ತಿಂದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ದೊಡ್ಡವ್ವ ಗಂಡನ ಮುಂದೆ ಬಂದು ನಿಂತಳು.

"ಡಾಕ್ಟರು ಏನಂದ್ರು, ಎಲ್ಲಾರ ಮುಂದ ಹೇಳ್ರಿ."

"ವಾಸಿ ಆಗೈತಿ ಅಂದ್ರು."

"ಯಾರಿಗರ ಹತ್ತತೈತಿ ಅಂತ ಅಂದ್ರೇನು?"

"ಇಲ್ಲ. ಹತ್ತೂದಿಲ್ಲಂದ್ರು."

"ಮತ್ತ ಉಣ್ರಿ."

ದೊಡ್ಡಪ್ಪ ಒಳಗೆ ನಿಂತಿದ್ದ ಚಿಗವ್ವನ ಕಡೆ ತಾಟು ಚಾಚಿ ಹೇಳಿದ:

"ರಾತ್ರಿ ಅನ್ನ ಉಳದಿದ್ರ ಈಟು ಹಾಕ ಯವ್ವಾ."